ಹದಿನಾಲ್ಕು ಇಂಚಿನ ಚಕ್ರಗಳು

ಮೊನ್ನೆ ಶುಕ್ರವಾರ ಇಲ್ಲಿ ಒಮಾನಿನ ಅಮರಾತ್ ಬೆಟ್ಟದ ಇಳಿಜಾರಿನ ಬುಡದಲ್ಲಿ ಜಲ್ಲಿ ತುಂಬಿದ ಲಾರಿಯೊಂದು ನಿಂತಿತ್ತು. ಚಾಲಕ ಕೆಳಗಿಳಿದು ಸೊಂಟದ ಮೇಲೆ ಕೈಯಿಟ್ಟು ಹಿಂದಿನ ಚಕ್ರಗಳನ್ನು ನೋಡುತ್ತಿದ್ದ. ನಾವು ಪಕ್ಕದಲ್ಲಿ ಹಾದುಹೋಗುವಾಗ ಎ.ಸಿ.ಯ ಕಿಂಡಿಯಿಂದ ಒಂದು ವಾಸನೆ ಒಳಗೆ ಬಂತು. ಇಸ್ತ್ರಿ ಪೆಟ್ಟಿಗೆಗೆ ಬಟ್ಟೆ ಅಂಟಿಕೊಂಡಾಗ ಬರುತ್ತದಲ್ಲ, ಅದಕ್ಕೆ ಸ್ವಲ್ಪ ಕಬ್ಬಿಣ ಬೆರೆಸಿದರೆ ಹೇಗಿರಬಹುದೋ ಹಾಗೆ. ಕಾದ ಬ್ರೇಕಿನ ವಾಸನೆ.

"ರೀ, ನಮ್ ಕಾರಲ್ಲೇ ಏನಾದ್ರೂ ಸುಡ್ತಿದ್ಯಾ?" ಎಂದು ಸುಮಾ ಕೇಳಿದಳು.

"ಇಲ್ಲ, ಆ ಲಾರೀದು," ಎಂದೆ. ಅವಳು ಕಿಂಡಿ ಮುಚ್ಚಿದಳು. ನನಗೆ ಮಾತ್ರ ಮನೆ ಮುಟ್ಟುವವರೆಗೂ ಸದಾಶಿವಣ್ಣನ ನೆನಪೇ. ಅವರನ್ನು ನೆನೆಯುವುದೆಂದರೆ ಜೊತೆಗೆ ನನ್ನದೊಂದು ಮೂರ್ಖತನವನ್ನೂ ನೆನೆಯಬೇಕಾಗುತ್ತದೆ. ಎರಡನ್ನೂ ಬೇರೆ ಮಾಡಲು ಬರುವುದಿಲ್ಲವಾದ್ದರಿಂದ ನಿಮಗೂ ಎರಡನ್ನೂ ಒಟ್ಟಿಗೇ ಹೇಳಿಬಿಡುತ್ತೇನೆ.

ಹನ್ನೊಂದು ವರ್ಷಗಳ ಹಿಂದೆ ನಾವು ಹಮ್ರಿಯಾದಲ್ಲಿ ಒಂದು ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿದ್ದೆವು. ನಾನು ಆಗಲೂ ಈಗಲೂ ರೂವಿಯ ಒಂದು ಆಫೀಸಿನಲ್ಲಿ ಇಂಜಿನಿಯರು. ಕಟ್ಟಡಗಳ ಒಳಗೆ ತಣ್ಣನೆಯ ಗಾಳಿ ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ನಕ್ಷೆ ಬರೆಯುವುದು ಕೆಲಸ. ಕಟ್ಟಡದ ಮಾಲೀಕರು ಅಬು ಸಯೀದ್ ಎಂಬ ಒಮಾನಿ ಹಿರಿಯರು. ಹಿಂಭಾಗದಲ್ಲಿ ಟಾರ್ಪಾಲು ಹೊದೆಸಿದ ಅವರ ಕಾರೊಂದು ನಿಂತಿರುತ್ತಿತ್ತು. ಒಂದು ಸಂಜೆ ಕಸ ಹಾಕಲು ಇಳಿದಾಗ ಅವರು ಟಾರ್ಪಾಲು ಸರಿಸಿ ಒರೆಸುತ್ತಿದ್ದುದನ್ನು ಕಂಡೆ. ಕಸದ ಚೀಲ ಕೈಯಲ್ಲೇ ಇತ್ತು, ನಾನು ನಿಂತುಬಿಟ್ಟೆ.

ಅದು ಅರವತ್ತಾರನೆಯ ಇಸವಿಯ ಅಮೆರಿಕದ ಕಾರು. ಎರಡೇ ಬಾಗಿಲು, ಉದ್ದನೆಯ ಮೂತಿ, ಎಂಟು ಸಿಲಿಂಡರಿನ ಇಂಜಿನು, ಕಡುನೀಲಿ ಬಣ್ಣ. ಚಕ್ರಗಳು ಹದಿನಾಲ್ಕು ಇಂಚಿನವು, ಕಾರಿನ ಜೊತೆಗೇ ಹುಟ್ಟಿದವು. ಅವುಗಳ ಮೇಲಿನ ಕ್ರೋಮ್ ಮುಚ್ಚಳದಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಬಾಚಲು ನನ್ನ ತಲೆಯಲ್ಲಿ ಹೆಚ್ಚೇನೂ ಉಳಿದಿರಲಿಲ್ಲ, ಅದು ಬೇರೆ ವಿಷಯ.

ನಾನು ಬೆಳೆದದ್ದು ಮೈಸೂರಿನಲ್ಲಿ, ಒಂದೇ ಸ್ಕೂಟರಿನ ಮನೆಯಲ್ಲಿ. ಅಪ್ಪ ಅದನ್ನು ಸ್ಟಾರ್ಟ್ ಮಾಡಲು ಒಂದು ಪಕ್ಕಕ್ಕೆ ವಾಲಿಸುತ್ತಿದ್ದರು, ನಿಲ್ಲಿಸಲು ಬೂಟಿನ ಹಿಮ್ಮಡಿಯನ್ನು ರಸ್ತೆಗೆ ಉಜ್ಜುತ್ತಿದ್ದರು. ವರ್ಷಕ್ಕೆ ಎರಡು ಜೊತೆ ಬೂಟು ಸವೆಯುತ್ತಿತ್ತು, ಬಲಗಾಲಿನದು ಮಾತ್ರ. ಅಂಥ ಮನೆಯವನಿಗೆ ನಲವತ್ತೊಂದನೆಯ ವಯಸ್ಸಿನಲ್ಲಿ ಇಂಥ ಕಾರಿನ ಮೇಲೆ ಯಾಕೆ ಮನಸ್ಸಾಯಿತೆಂದು ಕೇಳಬೇಡಿ. ಅಬು ಸಯೀದರಿಗೆ ಮಂಡಿನೋವು, ಕ್ಲಚ್ಚು ತುಳಿಯಲಾಗುತ್ತಿರಲಿಲ್ಲ. ಎರಡು ತಿಂಗಳು ಅವರ ಹಿಂದೆ ಬಿದ್ದೆ. ಕೊನೆಗೊಂದು ದಿನ "ಖಲಾಸ್, ತಗೋ," ಎಂದು ಕೀ ಕೈಗಿಟ್ಟರು. ಆಮೇಲೆ ತಮ್ಮ ಉರ್ದುವಿನಲ್ಲಿ ಒಂದು ಎಚ್ಚರಿಕೆಯನ್ನೂ ಕೊಟ್ಟರು: "ಓಡಿಸುವುದು ಸುಲಭ. ನಿಲ್ಲಿಸಬೇಕಾದರೆ ಮಾತ್ರ ಸ್ವಲ್ಪ ಮೊದಲೇ ಯೋಚನೆ ಮಾಡು."

ನಾನದನ್ನು ತಮಾಷೆಯೆಂದುಕೊಂಡೆ. ಎಂಟೇ ದಿನಗಳಲ್ಲಿ ರೂವಿಯ ಒಂದು ಸಿಗ್ನಲ್ಲಿನಲ್ಲಿ ಅದರ ಅರ್ಥ ತಿಳಿಯಿತು. ಬ್ರೇಕು ತುಳಿದೆ. ಕಾರು ಮೊದಲು ಕೇಳಿಸದವರಂತೆ ಮುಂದೆ ಹೋಯಿತು, ಆಮೇಲೆ ಇದ್ದಕ್ಕಿದ್ದಂತೆ ಎಡಕ್ಕೆ ಎಳೆದು, ರಸ್ತೆ ದಾಟುವ ಬಿಳಿಪಟ್ಟಿಯ ಮೇಲೆ ಅಡ್ಡಡ್ಡವಾಗಿ ನಿಂತಿತು. ತರಕಾರಿ ಚೀಲ ಹಿಡಿದ ಹೆಂಗಸೊಬ್ಬರು ನನ್ನ ಮೂತಿಯಿಂದ, ಕ್ಷಮಿಸಿ, ಕಾರಿನ ಮೂತಿಯಿಂದ, ಒಂದು ಮಾರು ದೂರದಲ್ಲಿ ನಿಂತಿದ್ದರು. ಅವರು ಬೈಯಲಿಲ್ಲ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ ದಾಟಿಹೋದರು.

ಈ ಸಂಗತಿಯನ್ನು ಮನೆಯಲ್ಲಿ ಹೇಳಲಿಲ್ಲ. ಆಫೀಸಿನ ಸಹೋದ್ಯೋಗಿಯೊಬ್ಬರಿಗೆ ಹೇಳಿದಾಗ ಅವರು ಕೊಟ್ಟ ಹೆಸರು ಸದಾಶಿವಣ್ಣನದು.

ವಾದಿ ಕಬೀರಿನಲ್ಲಿ ಸಾಲಾಗಿ ಗ್ಯಾರೇಜುಗಳಿವೆ. ಅದರಲ್ಲೊಂದರ ಮೇಸ್ತ್ರಿ ಅವರು. ಊರು ಮುಲ್ಕಿ. ಒಮಾನಿನಲ್ಲಿ ವಾಹನದ ನೋಂದಣಿ ಕಾರ್ಡಿಗೆ ಮುಲ್ಕಿಯಾ ಎನ್ನುತ್ತಾರಲ್ಲ, ಹೊಸದಾಗಿ ಬಂದ ಕಾಲದಲ್ಲಿ ಪೊಲೀಸನೊಬ್ಬ ಕೈಚಾಚಿ "ಮುಲ್ಕಿಯಾ?" ಎಂದಾಗ ಇವರು ಸಂತೋಷದಿಂದ "ಹೌದು, ಮುಲ್ಕಿ! ನಿಮಗೆ ಹೇಗೆ ಗೊತ್ತಾಯ್ತು?" ಎಂದರಂತೆ. ಈ ಕಥೆಯನ್ನು ಅವರೇ ಎಲ್ಲರಿಗೂ ಹೇಳುತ್ತಿದ್ದರು. ಐವತ್ತು ದಾಟಿದ, ಸಣ್ಣ ಮೈಕಟ್ಟಿನ ಮನುಷ್ಯ. ಗ್ಯಾರೇಜಿನವರೊಡನೆ ತುಳು, ಗಿರಾಕಿಗಳೊಡನೆ ಹಿಂದಿ, ನನ್ನೊಡನೆ ಕರಾವಳಿಯ ಕನ್ನಡ.

ಅವರು ಬಾನೆಟ್ ತೆರೆದು ಇಂಜಿನನ್ನು ನೋಡಲೇ ಇಲ್ಲ. ಬಂದವರೆಲ್ಲ ಮೊದಲು ಇಂಜಿನು ನೋಡಿ ಶಿಳ್ಳೆ ಹಾಕುತ್ತಿದ್ದುದರಿಂದ ನನಗೆ ತುಸು ಬೇಸರವಾಯಿತು. ಅವರು ಚಾಲಕನ ಸೀಟಿನಲ್ಲಿ ಕುಳಿತು, ಕಣ್ಣುಮುಚ್ಚಿ, ಬ್ರೇಕಿನ ಪೆಡಲನ್ನು ನಾಲ್ಕು ಬಾರಿ ಮೆಲ್ಲಗೆ ತುಳಿದರು.

"ಇದಕ್ಕೆ ಇಂಜಿನ್ ಉಂಟು ಸರ್, ಬ್ರೇಕ್ ಇಲ್ಲ," ಎಂದರು ಇಳಿದು. "ಇದ್ರಲ್ಲಿ ಮಕ್ಕಳನ್ನೂ ಕೂರಿಸ್ತೀರಾ?"

"ಒಬ್ಬಳು ಮಗಳು. ಒಂಬತ್ತು ವರ್ಷ. ವಾರಕ್ಕೊಂದ್ಸಲ ಕರ್ಕೊಂಡ್ಹೋಗ್ತೀನಿ."

"ಇನ್ನು ಒಂದು ತಿಂಗಳು ಬೇಡ ಮಾರಾಯ್ರೆ."

ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ಒಮ್ಮೆ ಕಾದರೆ ಹಿಡಿಯುವುದಿಲ್ಲ. ಮುಂದಿನ ಎರಡಕ್ಕೆ ಡಿಸ್ಕ್ ಹಾಕಬೇಕು ಎಂದರು. ಪೆಡಲಿಗೆ ಬಲ ಕೊಡುವ ಬೂಸ್ಟರ್ ಬೇಕು. ಇವೆರಡನ್ನೂ ನಾನು ಒಪ್ಪಿದೆ, ಏಕೆಂದರೆ ಇಂಟರ್ನೆಟ್ಟಿನಲ್ಲಿ ಓದಿಕೊಂಡೇ ಹೋಗಿದ್ದೆ. ಅವರು ಮೂರನೆಯದೊಂದನ್ನು ಹೇಳಿದರು. ಮಾಸ್ಟರ್ ಸಿಲಿಂಡರು, ಎಂದರೆ ಪೆಡಲು ತುಳಿದಾಗ ಬ್ರೇಕಿನ ಎಣ್ಣೆಯನ್ನು ನಾಲ್ಕೂ ಚಕ್ರಗಳಿಗೆ ತಳ್ಳುವ ಭಾಗ, ಅದನ್ನೂ ಬದಲಿಸಬೇಕು.

"ಅದು ಚೆನ್ನಾಗೇ ಇದ್ಯಲ್ಲ? ಲೀಕಿಲ್ಲ, ಏನಿಲ್ಲ."

"ಈಗ ಇಲ್ಲ. ಆದ್ರೆ ಇದಕ್ಕೆ ಒಂದೇ ಕೋಣೆ ಸರ್. ಎಲ್ಲಾದ್ರೂ ಒಂದು ಕಡೆ ಎಣ್ಣೆ ಹೋದ್ರೆ ನಾಲ್ಕೂ ಹೋಯ್ತು. ಹೊಸತರಲ್ಲಿ ಎರಡು ಕೋಣೆ. ಮುಂದಿನದ್ದು ಬೇರೆ, ಹಿಂದಿನದ್ದು ಬೇರೆ. ಒಂದು ಹೋದ್ರೆ ಇನ್ನೊಂದು ಉಂಟು."

ಯಾರ ಕಣ್ಣಿಗೂ ಬೀಳದ ಭಾಗಕ್ಕೆ ಇಷ್ಟೇಕೆ ತಲೆಕೆಡಿಸಿಕೊಳ್ಳಬೇಕು ಎಂದು ನಾನು ಗೊಣಗಿದೆ. ಅವರು ವಾದ ಮಾಡಲಿಲ್ಲ. "ಅದು ಹಾಕುದಿಲ್ಲ ಅಂದ್ರೆ ನಾನು ಕೆಲಸ ಮಾಡುದಿಲ್ಲ," ಎಂದು ಹೇಳಿ ಇನ್ನೊಂದು ಗಾಡಿಯ ಕೆಳಗೆ ಮಲಗಿದರು. ನಾನು ಅವರ ಎರಡು ಪಾದಗಳಿಗೆ ಒಪ್ಪಿಗೆ ಹೇಳಿ ಬಂದೆ.

ಸಾಮಾನು ಅಮೆರಿಕದಿಂದ ಬರಲು ಐದು ವಾರ ಹಿಡಿಯಿತು. ಆಮೇಲಿನ ನಾಲ್ಕು ಶುಕ್ರವಾರಗಳನ್ನು ನಾನು ವಾದಿ ಕಬೀರಿನಲ್ಲೇ ಕಳೆದೆ. ಅವರಿಗೂ ಅದು ರಜಾದಿನ. ಗ್ಯಾರೇಜಿನ ಕಫೀಲ್, ಎಂದರೆ ವೀಸಾ ಕೊಟ್ಟ ಒಮಾನಿ ಮಾಲೀಕ, ಒಳ್ಳೆಯವನು, ಬೀಗದ ಕೈ ಇವರಲ್ಲೇ ಬಿಟ್ಟಿದ್ದ. ಕೆಲಸದ ಕೊನೆಯಲ್ಲಿ ಕೊಳವೆಗಳಲ್ಲಿ ಸೇರಿಕೊಂಡ ಗಾಳಿ ತೆಗೆಯುವುದೊಂದು ಇರುತ್ತದೆ. ಅದಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲು ತುಳಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರ ಕೂತು ಸಣ್ಣ ತಿರುಪೊಂದನ್ನು ಸಡಿಲಿಸಿ ಬಿಗಿಮಾಡಬೇಕು. ನನಗೆ ಪೆಡಲಿನ ಕೆಲಸ.

"ಒತ್ತಿ... ಹಿಡ್ಕೊಳ್ಳಿ... ಬಿಡಿ," ಎಂದು ಕೆಳಗಿನಿಂದ ದನಿ ಬರುತ್ತಿತ್ತು. ಮುಖ ಕಾಣುತ್ತಿರಲಿಲ್ಲ. ಬಹುಶಃ ಅದರಿಂದಲೇ ಇರಬೇಕು, ಆ ನಡುವೆ ಅವರು ತಮ್ಮ ವಿಷಯವನ್ನೂ ಹೇಳುತ್ತಿದ್ದರು. ಹತ್ತನೇ ತರಗತಿಗೆ ಓದು ನಿಂತದ್ದು. ಮಂಗಳೂರಿನ ಬಸ್ಸು ಕಂಪೆನಿಯೊಂದರಲ್ಲಿ ಬ್ರೇಕಿನ ಕೆಲಸ ಕಲಿತದ್ದು. ಒಂದು ಮಾತು ನೆನಪಿದೆ. "ಇಂಜಿನ್ ರಿಪೇರಿಯವರಿಗೆ ಹೆಸರು ಬರ್ತದೆ ಸರ್, ಗಾಡಿ ಓಡಿದ ಕೂಡ್ಲೆ ಗೊತ್ತಾಗ್ತದಲ್ಲ. ನಮ್ಮದು ಏನೂ ಆಗ್ಲಿಲ್ಲ ಅಂದ್ರೆ ಸರಿಯಾಗಿದೆ ಅಂತ. ಒತ್ತಿ."

ನಾನು ಒತ್ತಿದೆ. ನನ್ನ ಕಾಲು ಮರಗಟ್ಟಿತ್ತು. ಆದರೂ ಆ ಶುಕ್ರವಾರಗಳು ನನಗೆ ಇಷ್ಟವಾಗಿದ್ದವು. ಸುಮಾ ಕಟ್ಟಿಕೊಟ್ಟ ಬಿಸಿಬೇಳೆಭಾತನ್ನು ಅವರು "ಇದು ಅನ್ನವಾ, ಸಾಂಬಾರಾ?" ಎಂದು ಕೇಳುತ್ತಲೇ ಪೂರ್ತಿ ತಿನ್ನುತ್ತಿದ್ದರು.

ಎಲ್ಲ ಮುಗಿದು ಚಕ್ರ ಹಾಕುವಾಗ ತೊಡಕು ಶುರುವಾಯಿತು. ಡಿಸ್ಕನ್ನು ಎರಡು ಬದಿಯಿಂದ ಅದುಮಿ ಹಿಡಿಯುವ ದಪ್ಪ ಭಾಗಕ್ಕೆ ಕ್ಯಾಲಿಪರ್ ಎನ್ನುತ್ತಾರೆ. ಹಳೆಯ ಹದಿನಾಲ್ಕು ಇಂಚಿನ ಚಕ್ರದೊಳಗೆ ಅದು ಹಿಡಿಸಲಿಲ್ಲ. ಎರಡು ಮಿಲಿಮೀಟರಿನಷ್ಟು ತಗಲುತ್ತಿತ್ತು.

"ಹದಿನೈದು ಇಂಚಿನ ಚಕ್ರ ಬೇಕು," ಎಂದರು ಸದಾಶಿವಣ್ಣ.

ಆ ಕ್ರೋಮ್ ಚಕ್ರಗಳಿಗಾಗಿಯೇ ಕಾರಿನ ಅರ್ಧ ಬೆಲೆ ಕೊಟ್ಟವನು ನಾನು. "ಎರಡೇ ಮಿಲಿಮೀಟರ್ ಅಲ್ವಾ? ಕ್ಯಾಲಿಪರನ್ನೇ ಸ್ವಲ್ಪ ಉಜ್ಜಿ ತೆಗೆದ್ರೆ?"

"ಆಗುದಿಲ್ಲ ಸರ್."

"ಇಂಟರ್ನೆಟ್ ಫೋರಮ್ಮಲ್ಲಿ ಎಷ್ಟೋ ಜನ ಮಾಡಿದಾರೆ."

"ಅವರು ಮಾಡ್ಲಿ. ನಾನು ಮಾಡುದಿಲ್ಲ." ಅವರೇ ಎಲ್ಲಿಂದಲೋ ನಾಲ್ಕು ಹದಿನೈದು ಇಂಚಿನ ಸಾದಾ ಕಬ್ಬಿಣದ ಚಕ್ರ ತಂದು ಹಾಕಿಕೊಟ್ಟರು. ಕಪ್ಪು ಬಣ್ಣದವು. ಕಾರು ನಿಲ್ಲುತ್ತಿತ್ತು. ಎಷ್ಟು ಚೆನ್ನಾಗಿ ನಿಲ್ಲುತ್ತಿತ್ತೆಂದರೆ ಮೊದಲ ಸಲ ತುಳಿದಾಗ ನನ್ನ ಕನ್ನಡಕ ಜಾರಿ ಮಡಿಲಿಗೆ ಬಿತ್ತು. ಆದರೆ ಸಿಗ್ನಲ್ಲಿನಲ್ಲಿ ನಿಂತಾಗ ಅಕ್ಕಪಕ್ಕದ ಗಾಡಿಯವರು ಮೊದಲಿನಂತೆ ಕಿಟಕಿ ಇಳಿಸಿ ನೋಡುತ್ತಿಲ್ಲ ಎಂದು ನನಗೆ ಅನ್ನಿಸತೊಡಗಿತು. ನಿಜವಾಗಿ ಮೊದಲೂ ಎಷ್ಟು ಜನ ನೋಡಿದ್ದರೋ ದೇವರಿಗೇ ಗೊತ್ತು.

ಮೂರು ವಾರ ತಡೆದುಕೊಂಡೆ. ಆಮೇಲೆ ಮಬೇಲಾ ಕಡೆಯ ಒಂದು ಗ್ಯಾರೇಜಿಗೆ ಹೋದೆ. ಅವರು ಒಂದು ಗಂಟೆಯಲ್ಲಿ ಕ್ಯಾಲಿಪರಿನ ಅಂಚು ಉಜ್ಜಿದರು, ಜಾಗ ಸಾಲದೆಂದು ಅದಕ್ಕೆ ಹೋಗುವ ರಬ್ಬರಿನ ಎಣ್ಣೆಕೊಳವೆಯನ್ನು ಬೇರೆ ದಿಕ್ಕಿಗೆ ತಿರುಗಿಸಿ ಕಟ್ಟಿದರು, ಹಳೆಯ ಚಕ್ರ ಹಾಕಿಕೊಟ್ಟರು. ಕ್ರೋಮ್ ಮತ್ತೆ ಹೊಳೆಯಿತು. ನಾನೂ ಹೊಳೆದೆ.

ಸದಾಶಿವಣ್ಣನಿಗೆ ಹೇಳುವ ಉದ್ದೇಶವಿರಲಿಲ್ಲ. ಅವರಾಗಿಯೇ ನೋಡಿದರು. ಹಮ್ರಿಯಾದ ಹೋಟೆಲೊಂದರ ಮುಂದೆ ಕಾರು ನಿಲ್ಲಿಸಿ ಬನ್ಸು ಕಟ್ಟಿಸಿಕೊಂಡು ಹೊರಗೆ ಬಂದೆ. ಅವರು ಮುಂದಿನ ಚಕ್ರದ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ಒಳಗೆ ಬೆರಳು ಹಾಕಿ ತಡಕುತ್ತಿದ್ದರು. ನನ್ನನ್ನು ಕಂಡು ಎದ್ದರು.

"ಯಾರು ಮಾಡಿದ್ದು?"

ಹೇಳಿದೆ.

"ಸರ್, ಕೀ ಕೊಡಿ. ಈಗ್ಲೇ ಗ್ಯಾರೇಜಿಗೆ ತಕೊಂಡ್ಹೋಗುವ. ಆ ಎಣ್ಣೆ ಹೋಸ್ ಇರುವ ಜಾಗ ಸರಿ ಇಲ್ಲ."

ಹೋಟೆಲಿನ ಬಾಗಿಲಲ್ಲಿ ನಮ್ಮ ಕನ್ನಡ ಸಂಘದ ಇಬ್ಬರು ಪರಿಚಿತರು ನಿಂತು ನೋಡುತ್ತಿದ್ದರು. ಅವರೆದುರಿಗೆ ನನ್ನನ್ನು ತಪ್ಪು ಮಾಡಿದವನಂತೆ ನಿಲ್ಲಿಸಿದರಲ್ಲ ಎಂದು ಸಿಟ್ಟು ಬಂತು. "ನಾನೂ ಇಂಜಿನಿಯರೇ ಸದಾಶಿವಣ್ಣ," ಎಂದೆ. "ಎರಡು ಮಿಲಿಮೀಟರ್ ಅಂದ್ರೆ ಎಷ್ಟು ಅಂತ ಹತ್ತನೇ ಕ್ಲಾಸ್ ಓದಿದೋರ ಹತ್ರ ಕಲೀಬೇಕಾಗಿಲ್ಲ."

ಪೆಡಲು ಒತ್ತುತ್ತಿದ್ದಾಗ, ಮುಖ ಕಾಣದಾಗ, ಅವರು ಹೇಳಿಕೊಂಡಿದ್ದ ಮಾತದು. ಅವರು ನನ್ನ ಮುಖ ನೋಡಲಿಲ್ಲ. ಬೆರಳಿಗೆ ಹತ್ತಿದ್ದ ಕಪ್ಪನ್ನು ಪ್ಯಾಂಟಿಗೆ ಒರೆಸಿಕೊಂಡರು. "ಸರಿ ಸರ್," ಎಂದು ಹೇಳಿ ರಸ್ತೆ ದಾಟಿ ಹೋದರು. ಬನ್ಸು ಬಿಸಿಯಾಗಿತ್ತು. ಮನೆಗೆ ಹೋಗಿ ನಾಲ್ಕು ತಿಂದೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಆ ದಿನ ನನಗೆ ಪಶ್ಚಾತ್ತಾಪವೇನೂ ಆಗಿರಲಿಲ್ಲ. ಆಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ.

ಎರಡು ತಿಂಗಳು ಏನೂ ಆಗಲಿಲ್ಲ. ಆಮೇಲೊಂದು ಶುಕ್ರವಾರ ಅಮರಾತಿನ ಸ್ನೇಹಿತರ ಮನೆಯಲ್ಲಿ ಊಟ ಮುಗಿಸಿ, ಮೂರು ಗಂಟೆಯ ಬಿಸಿಲಿನಲ್ಲಿ ಬೌಶರ್ ಕಡೆಗೆ ಬೆಟ್ಟ ಇಳಿಯುತ್ತಿದ್ದೆವು. ಪಕ್ಕದಲ್ಲಿ ಸುಮಾ, ಹಿಂದೆ ಮಗಳು ಅದಿತಿ. ಆ ರಸ್ತೆಯ ಕಡಿದಾದ ಇಳಿತ ನೋಡಿದವರಿಗೆ ಗೊತ್ತು. ಬ್ರೇಕು ಹೋದ ಲಾರಿಗಳು ನುಗ್ಗಿ ನಿಲ್ಲಲೆಂದೇ ಪಕ್ಕಕ್ಕೆ ಅಲ್ಲಲ್ಲಿ ಏರುದಾರಿ ಮಾಡಿಟ್ಟಿದ್ದಾರೆ. ಎರಡನೇ ತಿರುವಿನ ಮುಂದೆ ಬಸ್ಸೊಂದು ನಿಧಾನವಾಯಿತು. ಬ್ರೇಕು ತುಳಿದೆ. ಗಟ್ಟಿಯಾಗಿ ತಡೆಯಿತು, ಮರುಗಳಿಗೆಯಲ್ಲಿ ಕೆಳಗಿನಿಂದ ಟಪ್ ಎಂದು ಶಬ್ದ ಬಂತು, ಪೆಡಲು ಕಾಲಿನಡಿಯಿಂದ ಜಾರಿ ಕೆಳಗೆ ಹೋಯಿತು.

ಆ ಕ್ಷಣದಲ್ಲಿ ಏನೇನು ಯೋಚಿಸಿದೆ ಎಂದು ಬರೆಯಲು ನನಗೆ ಬರುವುದಿಲ್ಲ. ಏನೂ ಯೋಚಿಸಲಿಲ್ಲ. ಬಸ್ಸಿನ ಹಿಂಭಾಗ ದೊಡ್ಡದಾಗುತ್ತ ಬಂತು. ಸುಮಾ ನನ್ನ ತೋಳು ಹಿಡಿದಳು. ಪೆಡಲು ನೆಲ ಮುಟ್ಟಲು ಎರಡು ಬೆರಳಷ್ಟು ಉಳಿದಿದ್ದಾಗ ಏನೋ ಒಂದು ಕಾಲಿಗೆ ಅಡ್ಡ ಬಂತು. ಗಟ್ಟಿಯಾಗಿ. ಹಿಂದಿನ ಎರಡು ಚಕ್ರ ಹಿಡಿದವು. ಗೇರನ್ನು ಎರಡಕ್ಕೆ ಇಳಿಸಿದೆ, ಇಂಜಿನು ಅರಚಿಕೊಂಡಿತು, ಕಾರು ವಾಲಾಡುತ್ತ ಬಲಕ್ಕೆ ಸರಿದು ಒಂದು ಏರುದಾರಿಯ ಜಲ್ಲಿಯಲ್ಲಿ ಹೂತು ನಿಂತಿತು.

ಯಾರಿಗೂ ಏನೂ ಆಗಲಿಲ್ಲ. "ಅಪ್ಪಾ, ಈಸ್ ಇಟ್ ಬ್ರೋಕನ್?" ಎಂದು ಅದಿತಿ ಹಿಂದಿನಿಂದ ಕೇಳಿದಳು. ಸುಮಾ ಕೆಳಗಿಳಿದು, ಅವಳನ್ನು ಇಳಿಸಿಕೊಂಡು, ರಸ್ತೆಯ ತಡೆಗೋಡೆಯ ಆಚೆ ಬೆಟ್ಟದ ನೆರಳಿನಲ್ಲಿ ಹೋಗಿ ನಿಂತಳು. ಆ ದಿನ ನನ್ನೊಡನೆ ಮಾತಾಡಲಿಲ್ಲ. ಮರುದಿನವೂ.

ಕಾರನ್ನು ಎಳೆದೊಯ್ಯುವ ಗಾಡಿ ಬಂದಾಗ ಎಲ್ಲಿಗೆಂದು ಕೇಳಿದರು. ವಾದಿ ಕಬೀರ್ ಎಂದೆ.

ಫೋನು ಮಾಡಿದ್ದಕ್ಕೆ ಸದಾಶಿವಣ್ಣ ರಜಾದಿನವಾದರೂ ಬಂದು ಬಾಗಿಲು ತೆರೆದು ನಿಂತಿದ್ದರು. ಕಾರು ಇಳಿಸಿದ ಕೂಡಲೇ ಜ್ಯಾಕು ಹಾಕಿ ಮುಂದಿನ ಎಡಚಕ್ರ ಬಿಚ್ಚಿದರು. ರಬ್ಬರಿನ ಕೊಳವೆ ಒಂದು ಕಡೆ ಪೂರ್ತಿ ಸವೆದು ಹರಿದಿತ್ತು. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಟಯರು ಅದಕ್ಕೆ ಉಜ್ಜಿತ್ತು. ಎರಡು ತಿಂಗಳು, ದಿನಾ. ಮುಂದಿನ ಕೋಣೆಯ ಎಣ್ಣೆಯೆಲ್ಲ ಹೋಗಿತ್ತು. ಹಿಂದಿನದು ತುಂಬಿಯೇ ಇತ್ತು. ನಮ್ಮನ್ನು ಉಳಿಸಿದ್ದು ನಾನು ಬೇಡವೆಂದು ಗೊಣಗಿದ್ದ ಆ ಎರಡು ಕೋಣೆಯ ಭಾಗ.

ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡು ಹೋಗಿದ್ದೆ. ಅವರ ಕೈಯಲ್ಲಿ ಆ ಹರಿದ ತುಂಡಿತ್ತು. "ಸದಾಶಿವಣ್ಣ, ಅವತ್ತು ನಾನು..." ಎಂದಷ್ಟೇ ಹೇಳಿದೆ.

"ಮಗು ಹೆದರಿದ್ಳಾ?" ಎಂದು ಅವರು ಕೇಳಿದರು.

"ಇಲ್ಲ. ಅವಳಿಗೆ ಗೊತ್ತಾಗ್ಲಿಲ್ಲ."

"ಅದು ಒಳ್ಳೇದಾಯ್ತು." ಅವರು ಕೊಳವೆಯನ್ನು ಬೆಂಚಿನ ಮೇಲಿಟ್ಟರು. ಆಮೇಲೆ ಹೇಳಿದರು: "ನಂದೂ ತಪ್ಪುಂಟು ಸರ್. ಅವತ್ತು ನಿಮ್ಮ ಮಾತಿಗೆ ನನಗೆ ಬೇಜಾರಾಯ್ತು, ಹೋಗ್ಲಿ ಅಂತ ಹೋದೆ. ಹೋಗ್ಬಾರ್ದಿತ್ತು. ಬೈದ್ರೂ ಅಲ್ಲೇ ನಿಲ್ಬೇಕಿತ್ತು. ಈ ಎರಡು ತಿಂಗಳು ಎಷ್ಟು ಸಲ ಫೋನ್ ತೆಗ್ದು ಇಟ್ಟಿದ್ದೇನೆ."

ಅವರಿಗೆ ನಾನು ಆಡಿದ ಮಾತು ದೊಡ್ಡದಾಗಿರಲಿಲ್ಲ ಎಂದಲ್ಲ. ಆದರೆ ಅದಕ್ಕಿಂತ ದೊಡ್ಡದು ಕಾರಿನಲ್ಲಿ ಕೂತವರ ಜೀವವಾಗಿತ್ತು. ಹಾಗೆ ಎರಡನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ನನಗೆ ಆವರೆಗೆ ಬಂದಿರಲಿಲ್ಲ. ಆಮೇಲೆ ಹೊಸ ಕ್ಯಾಲಿಪರು, ಹೊಸ ಕೊಳವೆ, ಕಪ್ಪು ಚಕ್ರಗಳು. ಗಾಳಿ ತೆಗೆಯುವ ದಿನ ಅವರು ಮೊದಲಿನಂತೆಯೇ "ಒತ್ತಿ, ಹಿಡ್ಕೊಳ್ಳಿ, ಬಿಡಿ" ಎಂದರು. ನಡುವೆ ತಮ್ಮ ವಿಷಯ ಮಾತ್ರ ಏನೂ ಹೇಳಲಿಲ್ಲ. ನನಗೆ ಸಿಕ್ಕ ಶಿಕ್ಷೆಯೆಂದರೆ ಅದೊಂದೇ, ಮತ್ತು ಅವರು ಅದನ್ನು ಶಿಕ್ಷೆಯೆಂದು ಕೊಟ್ಟಿರಲೂ ಇಲ್ಲ.

ಸುಮಾ ಒಂದು ವರ್ಷ ಆ ಕಾರು ಹತ್ತಲಿಲ್ಲ. ಅಷ್ಟರಲ್ಲಿ ನನಗೂ ಅದರ ಹುಚ್ಚು ಇಳಿದಿತ್ತು. ನಿಜ್ವಾ ಊರಿನವರೊಬ್ಬರು ಕೇಳಿದರು, ಕೊಟ್ಟುಬಿಟ್ಟೆ. ಹಳೆಯ ಚಕ್ರಗಳನ್ನು ಕೊಡಲಿಲ್ಲ. ಗುಜರಿಗೆ ಹಾಕಿದೆ. ಸದಾಶಿವಣ್ಣ ನಾಲ್ಕು ವರ್ಷದ ಹಿಂದೆ ವೀಸಾ ರದ್ದು ಮಾಡಿಸಿಕೊಂಡು ಊರಿಗೆ ಹೋದರು. ಆಗಾಗ ಫೋನಿನಲ್ಲಿ ಸಿಗುತ್ತಾರೆ. ಮುಲ್ಕಿಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ಡ್ರೈವರನ ಹಿಂದಿನ ಸೀಟಿನಲ್ಲೇ ಕೂರುತ್ತಾರಂತೆ, ಬ್ರೇಕಿನ ಸದ್ದು ಕೇಳಲು. ಸರಿಯಿಲ್ಲವೆನಿಸಿದರೆ ಇಳಿಯುವಾಗ ಹೇಳುತ್ತಾರಂತೆ. "ಬೈಯ್ತಾರೆ ಸರ್," ಎಂದು ನಗುತ್ತಾರೆ.

ನಿನ್ನೆ ಬೆಳಿಗ್ಗೆ ಅಲ್ ಮವಾಲೇಹ್‌ನಲ್ಲಿ ನಿರ್ಮಾಣವಾಗುತ್ತಿರುವ ಕಟ್ಟಡವೊಂದರಿಂದ ಫೋರ್‌ಮನ್ ಫೋನು ಮಾಡಿದರು. ಬಿಹಾರದವರು, ಹೆಚ್ಚು ಮಾತಾಡುವವರಲ್ಲ. ಎ.ಸಿ.ಯ ಗಾಳಿಕೊಳವೆ ನಕ್ಷೆಯಲ್ಲಿ ತೋರಿಸಿದ ಜಾಗದಲ್ಲಿ ಹೋಗುತ್ತಿಲ್ಲ, ಕಾಂಕ್ರೀಟಿನ ತೊಲೆಯ ಮೂಲೆಯನ್ನು ಎರಡು ಇಂಚು ಕಡಿದರೆ ಹೋದೀತು, ಗುತ್ತಿಗೆದಾರರು ಅವಸರ ಮಾಡುತ್ತಿದ್ದಾರೆ, ಏನು ಮಾಡಲಿ ಎಂದು ಕೇಳಿದರು. ಏನನ್ನೂ ಕಡಿಯಬೇಡಿ, ನಾನು ಬರುತ್ತೇನೆ ಎಂದೆ.

ಹೋದೆ. ಅವರು ಏಣಿಯ ಬುಡದಲ್ಲಿ ಕಾಯುತ್ತಿದ್ದರು. "ನಕ್ಷೆ ನಿಮ್ಮದು ಸಾಬ್, ನಾನು ಹೇಗೆ ಹೇಳಲಿ..." ಎಂದು ಹಿಂದಿಯಲ್ಲಿ ತಡವರಿಸಿದರು.

"ಹೇಳಿ," ಎಂದೆ. "ಅಳೆದು ತೋರಿಸಿ."

ಅವರು ಏಣಿ ಹತ್ತಿ ಟೇಪು ಹಿಡಿದರು. ಇನ್ನೊಂದು ತುದಿಯನ್ನು ನಾನು ಹಿಡಿದೆ. ತಪ್ಪಿದ್ದುದು ನನ್ನ ನಕ್ಷೆಯಲ್ಲೇ.